ಐಎಸ್‌ಒ 45001 ಪ್ರಮಾಣಪತ್ರ ಪಡೆದರೆ ಕಾರ್ಖಾನೆಯಲ್ಲಿ ಅಪಘಾತಗಳು ನಿಜವಾಗಿಯೂ ಕಡಿಮೆಯಾಗುತ್ತವೆಯೇ?

ಪ್ರಶ್ನೆ | ಬರೆದವರು: ಪ್ರೆಸ್‌ಶಾಪ್‌ನವರು

ಎಲ್ಲರಿಗೂ ನಮಸ್ಕಾರ. ಲೋಹದ ತಗಡನ್ನು ಕತ್ತರಿಸಿ, ಪವರ್ ಪ್ರೆಸ್‌ಗಳಲ್ಲಿ ಒತ್ತಿ, ವೆಲ್ಡಿಂಗ್ ಮಾಡಿ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗ ನನ್ನ ಹೊಣೆಯಲ್ಲಿದೆ. ಗುಣಮಟ್ಟಕ್ಕೆ ಸಂಬಂಧಿಸಿದ ಐಎಸ್‌ಒ 9001 ಪ್ರಮಾಣಪತ್ರ ನಮ್ಮಲ್ಲಿ ಬಹಳ ವರ್ಷಗಳಿಂದ ಇದೆ. ಈಗ ನಮ್ಮ ದೊಡ್ಡ ಗ್ರಾಹಕರೊಬ್ಬರು, ಮುಂದಿನ ಒಪ್ಪಂದ ನವೀಕರಣವಾಗುವ ಹೊತ್ತಿಗೆ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತೆಯ ನಿರ್ವಹಣಾ ವ್ಯವಸ್ಥೆಗೆ ಅನ್ವಯಿಸುವ ಐಎಸ್‌ಒ 45001 ಪ್ರಮಾಣಪತ್ರವೂ ಇರಬೇಕೆಂದು ಕೇಳಿದ್ದಾರೆ. ಆಡಳಿತ ವರ್ಗದವರು ಒಪ್ಪಿದ್ದಾರೆ, ಆದರೆ ಅವರ ಲೆಕ್ಕದಲ್ಲಿ ಇದು ವ್ಯಾಪಾರ ಉಳಿಸಿಕೊಳ್ಳಲು ತೆರಬೇಕಾದ ಒಂದು ಖರ್ಚು, ಅಷ್ಟೆ.

ನನ್ನ ಅನುಮಾನ ಬೇರೆ. 9001ರ ವಿಷಯದಲ್ಲಿ ನಾನು ಕಂಡಿರುವುದೇನೆಂದರೆ, ಆಡಿಟ್ ಹತ್ತಿರ ಬಂದಾಗ ಫೈಲುಗಳು ತುಂಬುತ್ತವೆ, ಆಡಿಟರ್ ಹೊರಟ ಮೇಲೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಗುಣಮಟ್ಟದಲ್ಲಿ ಹೀಗೆ ಕಾಟಾಚಾರಕ್ಕೆ ಮಾಡಿದರೆ ಮಾಲು ವಾಪಸ್ ಬರಬಹುದು. ಸುರಕ್ಷತೆಯಲ್ಲಿ ಹೀಗೆ ಮಾಡಿದರೆ ಒಬ್ಬರ ಬೆರಳು ಹೋಗುತ್ತದೆ. ನಮ್ಮಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಪ್ರೆಸ್‌ಗಳ ಬಳಿ ಕೈಗೆ ಆಗುವಂಥವು. ಇನ್ನು ಕೆಲವು ಗುತ್ತಿಗೆ ಕಾರ್ಮಿಕರು ನಿರ್ವಹಣಾ ಕೆಲಸಕ್ಕೆ ಬಂದಾಗ ಸಂಭವಿಸಿವೆ. ಸಲಹೆಗಾರರೊಬ್ಬರು ಕೈಪಿಡಿ, ಕಾರ್ಯವಿಧಾನಗಳು, ನಮೂನೆಗಳೆಲ್ಲವನ್ನೂ ಸಿದ್ಧರೂಪದಲ್ಲೇ ಕೊಡುವುದಾಗಿ ಹೇಳಿದ್ದಾರೆ. ಅದನ್ನು ಕೇಳಿದ ಮೇಲೆ ನನ್ನ ಅನುಮಾನ ಇನ್ನಷ್ಟು ಬಲವಾಗಿದೆ.

ಆದ್ದರಿಂದ ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರಲ್ಲಿ ನನ್ನ ವಿನಂತಿ ಇಷ್ಟೆ. ಪ್ರಮಾಣೀಕರಣದಿಂದ ಅಪಘಾತಗಳು ತಗ್ಗುತ್ತವೆ ಎನ್ನಲು ಆಧಾರವಿದೆಯೇ? ಇದ್ದರೆ, ಶಾಪ್‌ಫ್ಲೋರ್‌ನಲ್ಲಿ ಯಾವ ಬದಲಾವಣೆಯ ಮೂಲಕ ತಗ್ಗುತ್ತವೆ? ಪ್ರಮಾಣಪತ್ರ ಇದ್ದೂ ಅನಾಹುತ ನಡೆದ ಕಡೆಗಳಲ್ಲಿ ಏನು ತಪ್ಪಿತ್ತು? ಜಾಹೀರಾತಿನ ಮಾತುಗಳು ನನಗೆ ಬೇಕಿಲ್ಲ.

ಉತ್ತರ 1 | ಬರೆದವರು: ಸುರಕ್ಷತಾ ವಿಭಾಗ

ನಿಮ್ಮ ಅನುಮಾನ ನ್ಯಾಯವಾದದ್ದು. ಪ್ರಮಾಣಪತ್ರ ಎಂಬ ಕಾಗದ ಯಾವ ಅಪಘಾತವನ್ನೂ ತಡೆಯುವುದಿಲ್ಲ. ಅದನ್ನು ಪಡೆಯಲು ಮತ್ತು ಉಳಿಸಿಕೊಳ್ಳಲು ಮಾಡಲೇಬೇಕಾದ ಕೆಲಸಗಳಲ್ಲಿ ಕೆಲವು ತಡೆಯುತ್ತವೆ, ಆ ಕೆಲಸಗಳನ್ನು ಸಂಸ್ಥೆ ಮನಸ್ಸಿಟ್ಟು ಮಾಡಿದರೆ ಮಾತ್ರ.

ಆಧಾರದ ಬಗ್ಗೆ ಕೇಳಿದ್ದೀರಿ. 45001 ಪ್ರಕಟವಾದದ್ದು 2018ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ಓಎಚ್‌ಎಸ್‌ಎಎಸ್ 18001 ಎಂಬ ಮಾನದಂಡ 1999ರಿಂದ ಚಾಲ್ತಿಯಲ್ಲಿತ್ತು. ಆ ಹಳೆಯ ಮಾನದಂಡದ ಪ್ರಮಾಣಪತ್ರ ಪಡೆದ ಅಮೆರಿಕದ ಉದ್ದಿಮೆಗಳ ಗಾಯದ ದಾಖಲೆಗಳನ್ನು ಪ್ರಮಾಣಪತ್ರವಿಲ್ಲದ ಉದ್ದಿಮೆಗಳ ದಾಖಲೆಗಳೊಂದಿಗೆ ಹೋಲಿಸಿ ನೋಡಿದ ಒಂದು ಅಧ್ಯಯನದಲ್ಲಿ ಎರಡು ಸಂಗತಿಗಳು ಕಂಡುಬಂದವು. ಮೊದಲಿನಿಂದಲೇ ಸುರಕ್ಷತೆಯಲ್ಲಿ ಚೆನ್ನಾಗಿರುವ ಸಂಸ್ಥೆಗಳೇ ಪ್ರಮಾಣೀಕರಣಕ್ಕೆ ಹೆಚ್ಚಾಗಿ ಮುಂದಾಗುತ್ತವೆ ಎಂಬುದು ಒಂದು. ಆ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ಪ್ರಮಾಣೀಕರಣದ ನಂತರ ಗಾಯ ಮತ್ತು ಕಾಯಿಲೆಯ ಪ್ರಕರಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು ಎಂಬುದು ಇನ್ನೊಂದು. ಎರಡನೆಯದನ್ನು ಮಾತ್ರ ಎತ್ತಿ ತೋರಿಸುವ ಮಾರಾಟಗಾರರು ಬೇಕಾದಷ್ಟು ಮಂದಿ ಇದ್ದಾರೆ. ಎರಡನ್ನೂ ಒಟ್ಟಿಗೆ ಓದಬೇಕು. ಶೇ 20 ಕಡಿಮೆಯೇನಲ್ಲ, ಪವಾಡವೂ ಅಲ್ಲ. ಅದು ಸರಾಸರಿ ಎಂಬುದನ್ನೂ ನೆನಪಿಡಿ: ಎಳ್ಳಷ್ಟೂ ಬದಲಾಗದ ಸಂಸ್ಥೆಗಳೂ ಬಹಳ ಬದಲಾದ ಸಂಸ್ಥೆಗಳೂ ಅದರಲ್ಲಿ ಸೇರಿರುತ್ತವೆ.

ಇನ್ನು ಶಾಪ್‌ಫ್ಲೋರ್‌ನ ಬದಲಾವಣೆ. ನನ್ನ ಅಭಿಪ್ರಾಯದಲ್ಲಿ 45001ರ ಅತ್ಯಂತ ಬೆಲೆಬಾಳುವ ಭಾಗ ಎಂಟನೇ ಅಧ್ಯಾಯದಲ್ಲಿರುವ ನಿಯಂತ್ರಣಗಳ ಶ್ರೇಣಿ. ಅಪಾಯವೊಂದು ಗೊತ್ತಾದಾಗ ಮೊದಲು ಅದನ್ನು ಪೂರ್ತಿಯಾಗಿ ಇಲ್ಲವಾಗಿಸಲು ಸಾಧ್ಯವೇ ಎಂದು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನವನ್ನು ಬಳಸಬೇಕು. ಅದೂ ಆಗದಿದ್ದರೆ ಗಾರ್ಡ್ (ಅಪಾಯದ ಭಾಗಕ್ಕೆ ಕೈ ತಾಗದಂತೆ ಹಾಕುವ ತಡೆ), ಇಂಟರ್‌ಲಾಕ್ (ಗಾರ್ಡ್ ತೆರೆದರೆ ಯಂತ್ರವನ್ನು ನಿಲ್ಲಿಸುವ ಸ್ವಿಚ್), ಗಾಳಿ ಹೀರುವ ವ್ಯವಸ್ಥೆಯಂತಹ ಎಂಜಿನಿಯರಿಂಗ್ ಏರ್ಪಾಡು. ಅದರ ನಂತರವೇ ತರಬೇತಿ, ಸೂಚನಾಫಲಕ, ಕಾರ್ಯವಿಧಾನ. ಕೈಗವಸು, ಹೆಲ್ಮೆಟ್, ಕನ್ನಡಕಗಳ ಸರದಿ ಬರುವುದು ಕೊಟ್ಟಕೊನೆಗೆ. ಬಹುತೇಕ ಕಾರ್ಖಾನೆಗಳು ನಡೆದುಕೊಳ್ಳುವುದು ಇದಕ್ಕೆ ತೀರಾ ತಿರುಗುಮುರುಗಾಗಿ: ಗಾಯವಾದ ಕೂಡಲೇ ಕೈಗವಸು ಖರೀದಿ, ಒಂದು ಫಲಕ, ಆಪರೇಟರ್‌ಗೆ ಬುದ್ಧಿವಾದ. ಮೇಲಿನ ಮೆಟ್ಟಿಲುಗಳನ್ನು ಏಕೆ ಬಿಟ್ಟಿರಿ ಎಂದು ಹೊರಗಿನವರೊಬ್ಬರು ವರ್ಷಕ್ಕೊಮ್ಮೆಯಾದರೂ ಬಂದು ಕೇಳುತ್ತಾರೆ ಎಂಬುದೇ ಪ್ರಮಾಣೀಕರಣ ತರುವ ನಿಜವಾದ ಒತ್ತಡ.

ನಿಮ್ಮದು ಪ್ರೆಸ್‌ಶಾಪ್ ಆದ್ದರಿಂದ ಒಂದು ಪ್ರಸಂಗ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಕಡೆ ಸರ್ವೇಲೆನ್ಸ್ ಆಡಿಟ್‌ಗೆ, ಅಂದರೆ ಪ್ರಮಾಣಪತ್ರ ಕೊಟ್ಟ ಮೇಲೆ ನಡುನಡುವೆ ಮಾಡುವ ಪರಿಶೀಲನೆಗೆ, ಬಂದಿದ್ದವರು ಕಚೇರಿಯಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಒಂದು ಪ್ರೆಸ್‌ನಿಂದ ತುಸು ದೂರದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು. ಆಪರೇಟರ್ ಆಗಾಗ ಗಾರ್ಡಿನ ಬಾಗಿಲನ್ನು ಅರ್ಧ ಸರಿಸಿ, ಒಂದು ಕಡ್ಡಿಯಿಂದ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಕೆಳಗಿನ ಚೂರುಗಳನ್ನು ಕೆರೆದು ತೆಗೆಯುತ್ತಿದ್ದರು. ಬಾಗಿಲು ತೆರೆದಾಗ ಯಂತ್ರ ನಿಲ್ಲುತ್ತದೆಯೇ ಎಂದು ಆಡಿಟರ್ ಕೇಳಿದರು. ನಿಲ್ಲುತ್ತದೆ ಎಂದು ಎಲ್ಲರೂ ಹೇಳಿದೆವು, ದಾಖಲೆಯಲ್ಲೂ ಹಾಗೆಯೇ ಇತ್ತು. ಡೈ ಬಳಿ ಯಾರೂ ಇಲ್ಲದಂತೆ ನೋಡಿಕೊಂಡು ಮೇಲ್ವಿಚಾರಕರಿಂದ ಪರೀಕ್ಷೆ ಮಾಡಿಸಿದಾಗ, ಬಾಗಿಲು ತೆರೆದಿದ್ದರೂ ಪ್ರೆಸ್ ಕೆಳಗಿಳಿಯಿತು. ಇಂಟರ್‌ಲಾಕ್ ಸ್ವಿಚ್ಚಿನ ಬಾಯಿಗೆ ಒಂದು ಬಿಡಿ ಕೀಲಿಯನ್ನು ಸಿಕ್ಕಿಸಿ, ಅದು ಜಾರದಂತೆ ದಾರದಿಂದ ಕಟ್ಟಿಟ್ಟಿದ್ದರು.

ನಮ್ಮ ಮೊದಲ ಉತ್ತರ ನೀವು ಊಹಿಸುವಂಥದ್ದೇ: ಆಪರೇಟರ್‌ಗೆ ಎಚ್ಚರಿಕೆ ನೀಡಲಾಗಿದೆ, ಮರುತರಬೇತಿ ಕೊಡಲಾಗಿದೆ. ಆಡಿಟರ್ ಅದನ್ನು ಒಪ್ಪಲಿಲ್ಲ. ಕೀಲಿ ಸಿಕ್ಕಿಸುವ ಅಗತ್ಯ ಆತನಿಗೆ ಏಕೆ ಬಂತು ಎಂದು ಬರೆಯಿರಿ ಎಂದರು. ಹುಡುಕುತ್ತಾ ಹೋದಾಗ ಸಿಕ್ಕ ಕಾರಣ ಸರಳವಾಗಿತ್ತು. ಡೈ ಕೆಳಗಿನ ಇಳಿಜಾರು ಸಾಲದೆ ಲೋಹದ ಚೂರುಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದವು. ಪ್ರತಿ ಬಾರಿ ಬಾಗಿಲು ತೆರೆದಾಗಲೂ ಯಂತ್ರವನ್ನು ರೀಸೆಟ್ ಮಾಡಬೇಕಾಗಿತ್ತು. ಶಿಫ್ಟಿನ ಗುರಿ ನಿಗದಿ ಮಾಡುವಾಗ ಆ ಹೊತ್ತನ್ನು ಯಾರೂ ಹಿಡಿದಿರಲಿಲ್ಲ. ಕೊನೆಗೆ ಆದ ಪರಿಹಾರವೆಂದರೆ ಚೂರುಗಳು ಜಾರಿ ಹೊರಬೀಳಲು ಒಂದು ತಗಡಿನ ಜಾರುದಾರಿ, ಬೇರೆ ಕೀಲಿಯಿಂದ ಮೋಸ ಹೋಗದ ಕೋಡೆಡ್ ಸ್ವಿಚ್, ಮತ್ತು ಸ್ವಚ್ಛಗೊಳಿಸುವ ಸಮಯವನ್ನೂ ಸೇರಿಸಿ ಮರುನಿಗದಿಯಾದ ಗುರಿ. ಇಂಥದ್ದೇ ದೋಷ ಬೇರೆ ಕಡೆ ಇದೆಯೇ ಎಂದು ನೋಡಬೇಕೆಂದು ಮಾನದಂಡ ಹೇಳುತ್ತದೆ. ನೋಡಿದಾಗ, ಅದೇ ಮಾದರಿಯ ಬೇರೆ ಪ್ರೆಸ್‌ಗಳಲ್ಲೂ ಕೀಲಿಗಳು ಸಿಕ್ಕವು. ಈ ಕೆಲಸವನ್ನು ಪ್ರಮಾಣಪತ್ರವಿಲ್ಲದೆಯೂ ಮಾಡಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಮಾಡಬಹುದಿತ್ತು, ಆದರೆ ಮಾಡಿರಲಿಲ್ಲ. ದಿನವೂ ನೋಡಿ ರೂಢಿಯಾದ ಕಣ್ಣಿಗೆ ಆ ಕೀಲಿ ಯಂತ್ರದ ಒಂದು ಭಾಗವಾಗಿಯೇ ಕಾಣುತ್ತಿತ್ತು.

ನಿಮ್ಮ ಗುತ್ತಿಗೆ ಕಾರ್ಮಿಕರ ವಿಷಯಕ್ಕೆ ಬರುತ್ತೇನೆ. ಇಲ್ಲಿ 9001ರಿಂದ ಕಲಿತದ್ದು ಸಾಲದು. ಗುತ್ತಿಗೆದಾರರ ಕೆಲಸದಿಂದ ನಿಮ್ಮವರಿಗೆ, ನಿಮ್ಮ ಕೆಲಸದಿಂದ ಅವರಿಗೆ ಬರುವ ಅಪಾಯಗಳನ್ನು ಅವರೊಡನೆ ಕೂತು ಗುರುತಿಸಬೇಕೆಂದು 45001 ಕೇಳುತ್ತದೆ. ಯಂತ್ರ, ವಸ್ತು, ಕೆಲಸದ ಕ್ರಮ, ಸಿಬ್ಬಂದಿ, ಇವುಗಳಲ್ಲಿ ಯಾವುದು ಬದಲಾದರೂ ಆ ಬದಲಾವಣೆ ಜಾರಿಗೆ ಬರುವ ಮುನ್ನವೇ ಅಪಾಯಗಳನ್ನು ಮತ್ತೆ ಪರಿಶೀಲಿಸಬೇಕು. ನಿರ್ವಹಣಾ ಕೆಲಸದ ಅಪಘಾತಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳ ಬೇರು ಈ ಎರಡು ಕಡೆಯೇ ಇರುತ್ತದೆ. ಯಾರೋ ಒಬ್ಬರಿಗೆ ಗೊತ್ತಿದ್ದ ಸಂಗತಿ ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರ ರಾತ್ರಿ ಆದದ್ದು ಇದೇ. ಹಗಲು ಪಾಳಿಯವರು ಒಂದು ಪಂಪ್‌ನ ಸುರಕ್ಷತಾ ಕವಾಟವನ್ನು ದುರಸ್ತಿಗಾಗಿ ಬಿಚ್ಚಿ, ತೆರೆದ ಪೈಪಿನ ಬಾಯಿಗೆ ತಾತ್ಕಾಲಿಕ ಮುಚ್ಚಳ ಹಾಕಿ ಹೋಗಿದ್ದರು. ಮತ್ತೊಂದು ಪಂಪ್ ನಿಂತುಹೋದಾಗ ರಾತ್ರಿ ಪಾಳಿಯವರು ಇದನ್ನು ಚಾಲೂ ಮಾಡಿದರು. ಕವಾಟ ಇಲ್ಲವೆಂದು ತಿಳಿಸುವ ಪರ್ಮಿಟ್, ಅಂದರೆ ಅಪಾಯದ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ ಪತ್ರ, ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸೋರಿದ ಅನಿಲ ಹೊತ್ತಿಕೊಂಡು 167 ಮಂದಿ ಸತ್ತರು. ಅಲ್ಲಿ ಪರ್ಮಿಟ್ ಪದ್ಧತಿ ಇತ್ತು ಎಂಬುದನ್ನು ಗಮನಿಸಿ. ಅದು ಕಾಗದದ ಮೇಲೆ ಇದೆಯೇ ಎಂದಷ್ಟೇ ನೋಡುವ ಆಡಿಟ್ ಅಲ್ಲಿಯೂ ಪಾಸಾಗುತ್ತಿತ್ತು. ಪಾಳಿ ಬದಲಾಗುವ ಹೊತ್ತಿಗೆ ಆ ಕಾಗದ ಯಾರ ಕೈಯಲ್ಲಿರುತ್ತದೆ ಎಂದು ನೋಡುವ ಆಡಿಟ್ ನಿಮಗೆ ಬೇಕು.

ಉತ್ತರ 2 | ಬರೆದವರು: ಕಾರ್ಮಿಕ ಪ್ರತಿನಿಧಿ

ಮೇಲಿನವರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಾಣ್ಯದ ಮತ್ತೊಂದು ಮುಖವನ್ನು ಯಾರಾದರೂ ಹೇಳಬೇಕು. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಸಿದ್ಧ ಉಡುಪು ಕಾರ್ಖಾನೆಯಲ್ಲಿ 2012ರ ಸೆಪ್ಟೆಂಬರ್ 11ರಂದು ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲಸದ ಸ್ಥಳದ ಸುರಕ್ಷತೆಯೂ ಸೇರಿದ ಎಸ್‌ಎ 8000 ಪ್ರಮಾಣಪತ್ರ ಆ ಕಾರ್ಖಾನೆಗೆ ಸಿಕ್ಕಿದ್ದು ಕೆಲವೇ ವಾರಗಳ ಹಿಂದೆ. ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು, ಹೊರಬಾಗಿಲುಗಳಿಗೆ ಬೀಗ ಬಿದ್ದಿತ್ತು. ಬೆಂಕಿಯನ್ನು ಯಾರೋ ಬೇಕೆಂದೇ ಹಚ್ಚಿದರೆಂದು ಮುಂದೆ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಹಚ್ಚಿದವರು ಯಾರೇ ಇರಲಿ, ಒಳಗಿದ್ದವರು ಹೊರಬರಲಾಗದೆ ಸತ್ತದ್ದಕ್ಕೆ ಆ ಸರಳು ಮತ್ತು ಬೀಗಗಳೇ ಸಾಕ್ಷಿ. ಇವು ಆಳವಾದ ತನಿಖೆಯಿಂದ ಹೊರಬರುವ ಸಂಗತಿಗಳಲ್ಲ. ಕಟ್ಟಡದ ಒಳಗೆ ಒಂದು ಸುತ್ತು ಹಾಕಿದವರ ಕಣ್ಣಿಗೆ ಬೀಳುವಂಥವು.

ಆದ್ದರಿಂದ ನನ್ನ ಮೊದಲ ಮಾತು: ಆಡಿಟರ್ ಯಾರೊಡನೆ ಮಾತನಾಡುತ್ತಾರೆ ಎಂಬುದನ್ನು ನೋಡಿ. ಕಾರ್ಮಿಕರ ಸಮಾಲೋಚನೆ ಮತ್ತು ಪಾಲ್ಗೊಳ್ಳುವಿಕೆ 45001ರ ಐದನೇ ಅಧ್ಯಾಯದಲ್ಲೇ ಕಡ್ಡಾಯವಾಗಿ ಇದೆ. ಮೇಲಧಿಕಾರಿಗಳಲ್ಲದವರನ್ನು ಅಪಾಯಗಳ ಗುರುತಿಸುವಿಕೆಯಲ್ಲಿ, ನಿಯಂತ್ರಣಗಳ ಆಯ್ಕೆಯಲ್ಲಿ, ಅಪಘಾತದ ತನಿಖೆಯಲ್ಲಿ ಸೇರಿಸಿಕೊಳ್ಳಬೇಕೆಂದು ಅದು ಬಿಡಿಬಿಡಿಯಾಗಿ ಹೇಳುತ್ತದೆ. ಅಪಾಯವನ್ನು ವರದಿ ಮಾಡಿದವರ ಮೇಲೆ ಸೇಡು ತೀರಿಸದಂತೆ ರಕ್ಷಣೆ ಕೊಡುವುದು ಉನ್ನತ ಆಡಳಿತದ ಹೊಣೆ ಎಂದೂ ಅದರಲ್ಲಿದೆ. ಇದನ್ನು ನಮೂನೆಯೊಂದರಲ್ಲಿ ಬರೆದು ಗೋಡೆಗೆ ಅಂಟಿಸುವುದು ಸುಲಭ. ಪ್ರೆಸ್ ಆಪರೇಟರ್ ಒಬ್ಬರು, ಈ ಗುರಿ ಮುಟ್ಟಬೇಕಾದರೆ ಗಾರ್ಡ್ ತೆಗೆಯಲೇಬೇಕು ಸಾರ್ ಎಂದು ಮೇಲ್ವಿಚಾರಕರ ಎದುರಿಗೇ ಹೇಳಬಲ್ಲರೇ? ಹೇಳಿದ ಮರುದಿನ ಅವರ ಪಾಳಿ, ಅವರ ಓವರ್‌ಟೈಮ್ ಹಾಗೆಯೇ ಇರುತ್ತದೆಯೇ? ನಿಮ್ಮ ವ್ಯವಸ್ಥೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಎರಡನೆಯದು, ಗೇಟಿನ ಬಳಿಯ ಬೋರ್ಡು. ಇಷ್ಟು ದಿನಗಳಿಂದ ಅಪಘಾತರಹಿತ ಎಂದು ಬರೆದು, ಆ ಅಂಕಿ ಏರುತ್ತಾ ಹೋದರೆ ಬಹುಮಾನ ಕೊಡುವ ಪದ್ಧತಿ ಹಲವು ಕಡೆ ಇದೆ. ಬೋರ್ಡಿನ ಅಂಕಿ ಸೊನ್ನೆಗೆ ಇಳಿದು ಇಡೀ ವಿಭಾಗದ ಬಹುಮಾನ ತಪ್ಪಿಹೋಗುತ್ತದೆ ಎಂದಾಗ, ಕೈಗೆ ಗಾಯವಾದವರು ಬಟ್ಟೆ ಸುತ್ತಿಕೊಂಡು ಮನೆಗೆ ಹೋಗುತ್ತಾರೆ. ಪ್ರಮಾಣೀಕರಣದ ನಂತರ ಅಂಕಿ ಇಳಿಯಿತು ಎಂದರೆ ಗಾಯಗಳೇ ಇಳಿದವೋ ವರದಿಗಳು ಇಳಿದವೋ ಎಂದು ಕೇಳಲೇಬೇಕು. ಒಳ್ಳೆಯ ವ್ಯವಸ್ಥೆ ಬಂದ ಮೊದಲ ವರ್ಷ ವರದಿಯಾಗುವ ಘಟನೆಗಳ ಸಂಖ್ಯೆ ಏರಬೇಕು ಎಂದು ನಾನು ಹೇಳುತ್ತೇನೆ, ಏಕೆಂದರೆ ಕೂದಲೆಳೆಯಲ್ಲಿ ತಪ್ಪಿದ ನಿಯರ್ ಮಿಸ್‌ಗಳು ಆಗ ಹೊರಗೆ ಬರತೊಡಗುತ್ತವೆ.

ಅಂಕಿಗಳು ಹೇಗೆ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ದೊಡ್ಡ ಸಂಸ್ಥೆಗಳೂ ಹೊರತಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗಿ 15 ಮಂದಿ ಸತ್ತು 180 ಮಂದಿ ಗಾಯಗೊಂಡರು. ಎಡವಿ ಬೀಳುವುದು, ಕೈ ಕುಯ್ದುಕೊಳ್ಳುವುದು ಮೊದಲಾದ ವೈಯಕ್ತಿಕ ಗಾಯಗಳ ದರ ಸುಧಾರಿಸುತ್ತಿದ್ದುದನ್ನೇ ನೋಡಿ, ಸ್ಥಾವರದ ಒಳಗೆ ಬೆಳೆಯುತ್ತಿದ್ದ ದೊಡ್ಡ ಅಪಾಯವೂ ಹತೋಟಿಯಲ್ಲಿದೆ ಎಂದು ಭಾವಿಸಿದ್ದರೆಂದು 2007ರಲ್ಲಿ ಬಂದ ಬೇಕರ್ ಸಮಿತಿಯ ವರದಿ ಹೇಳಿತು. ನಿಮ್ಮಲ್ಲಿ ತೈಲವಿಲ್ಲ ನಿಜ. ಆದರೂ ಬಾಯ್ಲರ್, ಗ್ಯಾಸ್ ಸಿಲಿಂಡರ್‌ಗಳ ಕೋಣೆ, ಎತ್ತರದ ಕ್ರೇನ್, ಇಂಥವುಗಳಲ್ಲಿ ಯಾವುದಾದರೂ ಇದ್ದೇ ಇರುತ್ತದೆ. ವರ್ಷಗಟ್ಟಲೆ ಏನೂ ಆಗದೆ ಒಮ್ಮೆ ಆದಾಗ ಹಲವರನ್ನು ಬಲಿ ತೆಗೆದುಕೊಳ್ಳುವ ಅಪಾಯಗಳನ್ನು ಕೈಗಾಯದ ಅಂಕಿಗಳಿಂದ ಅಳೆಯಲಾಗದು.

ಉತ್ತರ 3 | ಬರೆದವರು: ಆಡಿಟರ್

ನಾನು ಪ್ರಮಾಣೀಕರಣ ಸಂಸ್ಥೆಯ ಪರವಾಗಿ ಆಡಿಟ್ ಮಾಡುವವನು. ಕಾರ್ಮಿಕ ಪ್ರತಿನಿಧಿಯವರ ಮಾತುಗಳಲ್ಲಿ ನಾನು ವಾದಿಸಬೇಕಾದದ್ದು ಏನೂ ಇಲ್ಲ. ಆಡಿಟ್ ಎಂಬುದು ಮಾದರಿ ಪರೀಕ್ಷೆ, ಅನ್ನ ಬೆಂದಿದೆಯೇ ಎಂದು ಒಂದೆರಡು ಅಗುಳು ಹಿಚುಕಿ ನೋಡುವ ಹಾಗೆ. ವ್ಯತ್ಯಾಸವೆಂದರೆ, ಕಾರ್ಖಾನೆಯ ಎಲ್ಲ ಮೂಲೆಗಳೂ ಒಂದೇ ಪಾತ್ರೆಯಲ್ಲಿ ಬೇಯುವುದಿಲ್ಲ. ನಾವು ನೋಡದ ಪಾಳಿ, ನಾವು ಹೋಗದ ಗೋದಾಮು, ನಾವು ಬಂದ ದಿನ ನಡೆಯದ ಕೆಲಸ ಯಾವಾಗಲೂ ಇದ್ದೇ ಇರುತ್ತವೆ. ಹಾಗಾಗಿ ಪ್ರಮಾಣಪತ್ರವನ್ನು ಸುರಕ್ಷತೆಯ ಖಾತರಿ ಎಂದಾಗಲಿ, ಕಾನೂನುಗಳೆಲ್ಲವನ್ನೂ ಪಾಲಿಸಲಾಗಿದೆ ಎಂಬುದರ ಸಾಕ್ಷಿ ಎಂದಾಗಲಿ ಓದಬಾರದು. ಕಾನೂನಿನ ಪಾಲನೆಯನ್ನು ಸಂಸ್ಥೆ ತಾನೇ ಕಾಲಕಾಲಕ್ಕೆ ಪರಿಶೀಲಿಸಿಕೊಳ್ಳುತ್ತಿದೆಯೇ ಎಂದು ನಾವು ನೋಡುತ್ತೇವೆ. ಸರಕಾರಿ ತಪಾಸಕರ ಕೆಲಸ ನಮ್ಮದಲ್ಲ.

ಪ್ರಶ್ನೆ ಕೇಳಿದವರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಐಎಸ್‌ಒ ಎಂಬ ಸಂಸ್ಥೆ ಮಾನದಂಡಗಳನ್ನು ಪ್ರಕಟಿಸುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವುದು ಪ್ರಮಾಣೀಕರಣ ಸಂಸ್ಥೆಗಳು. ಆ ಸಂಸ್ಥೆಗಳು ಐಎಸ್‌ಒ/ಐಇಸಿ 17021-1 ಎಂಬ ಮಾನದಂಡದ ಪ್ರಕಾರ ನಡೆಯುತ್ತಿವೆಯೇ ಎಂದು ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು ಬೇರೆ ಇವೆ. ಮಾನ್ಯತೆಯೇ ಇಲ್ಲದ ಸಂಸ್ಥೆಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಅವು ಕೊಡುವ ಕಾಗದ ನೋಡಲು ಥೇಟ್ ನಮ್ಮದರಂತೆಯೇ ಇರುತ್ತದೆ. ನೀವು ಆರಿಸುವ ಸಂಸ್ಥೆಗೆ 45001ಕ್ಕಾಗಿಯೇ, ಅದರಲ್ಲೂ ನಿಮ್ಮ ಉದ್ಯಮದ ವರ್ಗಕ್ಕಾಗಿಯೇ ಮಾನ್ಯತೆ ಇದೆಯೇ ಎಂದು ಮಾನ್ಯತೆ ಕೊಟ್ಟವರ ಜಾಲತಾಣದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಸಲಹೆ ಕೊಟ್ಟು ವ್ಯವಸ್ಥೆ ಕಟ್ಟಿಕೊಡುವವರೂ ಪ್ರಮಾಣಪತ್ರ ಕೊಡುವವರೂ ಒಬ್ಬರೇ ಆಗಿರುವಂತಿಲ್ಲ. ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕೊಡುತ್ತೇವೆ, ಪಾಸಾಗುವ ಖಾತರಿ ನಮ್ಮದು ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಕ್ರಿಯೆಯ ವಿಷಯ ಚಿಕ್ಕದು. ಮೊದಲ ಹಂತದ ಆಡಿಟ್‌ನಲ್ಲಿ ನಿಮ್ಮ ಸಿದ್ಧತೆಯನ್ನು, ಎರಡನೇ ಹಂತದಲ್ಲಿ ವ್ಯವಸ್ಥೆ ನಿಜವಾಗಿ ನಡೆಯುತ್ತಿದೆಯೇ ಎಂಬುದನ್ನು ನೋಡುತ್ತೇವೆ. ಪ್ರಮಾಣಪತ್ರದ ಅವಧಿ ಮೂರು ವರ್ಷ. ನಡುವೆ ವರ್ಷಕ್ಕೆ ಕನಿಷ್ಠ ಒಂದು ಸರ್ವೇಲೆನ್ಸ್ ಆಡಿಟ್, ಅವಧಿ ಮುಗಿಯುವ ಮುನ್ನ ಮರುಪ್ರಮಾಣೀಕರಣ. ದೊಡ್ಡ ಲೋಪ, ಅಂದರೆ ಮೇಜರ್ ಎನ್‌ಸಿ ಸಿಕ್ಕಿದರೆ ಅದನ್ನು ಸರಿಪಡಿಸಿದ್ದನ್ನು ನಾವು ಪರಿಶೀಲಿಸುವವರೆಗೂ ಪ್ರಮಾಣಪತ್ರ ಇಲ್ಲ. ಗಂಭೀರ ಅಪಘಾತವೇನಾದರೂ ನಡೆದರೆ, ಅಥವಾ ಸರಕಾರಿ ಇಲಾಖೆ ಮಧ್ಯೆ ಬರಬೇಕಾದಂತಹ ಕಾನೂನು ಉಲ್ಲಂಘನೆಯಾದರೆ, ತಡಮಾಡದೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸುವುದು ನಿಮ್ಮ ಕರ್ತವ್ಯ. ಇದನ್ನು ಒಪ್ಪಂದಕ್ಕೆ ಸಹಿ ಹಾಕುವಾಗ ಬಹಳ ಜನ ಓದುವುದೇ ಇಲ್ಲ. ತಿಳಿಸಿದ ಮೇಲೆ ನಾವು ವಿಶೇಷ ಆಡಿಟ್ ಮಾಡಬೇಕಾಗಿ ಬರಬಹುದು.

ಆಡಿಟ್‌ಗೆ ಎಷ್ಟು ದಿನ ಎಂಬುದು ನಮ್ಮಿಷ್ಟದಂತೆ ನಿಗದಿಯಾಗುವುದಿಲ್ಲ. ಕೆಲಸಗಾರರ ಸಂಖ್ಯೆ ಮತ್ತು ಉದ್ಯಮದ ಅಪಾಯದ ಮಟ್ಟ ನೋಡಿ ಲೆಕ್ಕ ಹಾಕುವ ನಿಯಮವಿದೆ. ಗುತ್ತಿಗೆಯವರನ್ನೂ ಪಾಳಿಗಳನ್ನೂ ಸರಿಯಾಗಿ ತೋರಿಸದೆ ದಿನಗಳನ್ನು ಇಳಿಸಿಕೊಳ್ಳುವ ಗ್ರಾಹಕರಿದ್ದಾರೆ, ಅದಕ್ಕೆ ಕಣ್ಣುಮುಚ್ಚಿ ಒಪ್ಪುವ ಪ್ರಮಾಣೀಕರಣ ಸಂಸ್ಥೆಗಳೂ ಇವೆ. ದರಪಟ್ಟಿಗಳನ್ನು ಹೋಲಿಸುವಾಗ ಕೊನೆಯ ಸಾಲಿನ ಮೊತ್ತಕ್ಕಿಂತ ಮೊದಲು ಆಡಿಟ್ ದಿನಗಳನ್ನು ನೋಡಿ. ಒಬ್ಬರು ಉಳಿದವರ ಅರ್ಧದಷ್ಟೇ ದಿನ ತೋರಿಸಿದ್ದರೆ ಆ ಅಗ್ಗದ ದರ ಎಲ್ಲಿಂದ ಬಂತೆಂದು ತಿಳಿಯುತ್ತದೆ. ವ್ಯಾಪ್ತಿಯ ಮಾತೂ ಇಂಥದ್ದೇ. ಪ್ರಮಾಣಪತ್ರದ ಮೇಲೆ ಯಾವ ಸ್ಥಳ, ಯಾವ ಚಟುವಟಿಕೆ ಎಂದು ಬರೆದಿರುತ್ತದೆ. ಕಚೇರಿ ಕಟ್ಟಡವನ್ನು ಮಾತ್ರ ವ್ಯಾಪ್ತಿಗೆ ಸೇರಿಸಿ, ಪ್ರೆಸ್‌ಶಾಪನ್ನು ಹೊರಗಿಟ್ಟು, ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಮಾಣಿತ ಸಂಸ್ಥೆ ಎಂದು ಬರೆಸಿಕೊಂಡವರ ಅರ್ಜಿಗಳು ನಮ್ಮ ಮೇಜಿಗೆ ಬಂದಿವೆ.

ನೆಲಕ್ಕಿಳಿದಾಗ ನಾನು ನೋಡುವುದು ಏನು ಎಂದರೆ, ಉದಾಹರಣೆಗೆ ಹಾಟ್ ವರ್ಕ್ ಪರ್ಮಿಟ್, ಅಂದರೆ ವೆಲ್ಡಿಂಗ್‌ನಂತಹ ಕಿಡಿ ಹಾರುವ ಕೆಲಸಕ್ಕೆ ಕೊಡುವ ಅನುಮತಿ ಪತ್ರ. ವೆಲ್ಡಿಂಗ್ ಶುರುವಾದ ಸಮಯ, ಮುಗಿದ ಸಮಯ, ಮುಗಿದ ಮೇಲೆ ಕಿಡಿ ಉಳಿದಿದೆಯೇ ಎಂದು ಕಾದು ನೋಡಿದವರ ಸಹಿ, ಮೂರೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಏಟಿಗೆ ಬರೆದಂತಿದ್ದರೆ ನಾನು ಆ ವೆಲ್ಡರ್ ಇರುವಲ್ಲಿಗೇ ಹೋಗಿ ಮಾತನಾಡಿಸುತ್ತೇನೆ. ಆಡಳಿತ ಪರಿಶೀಲನಾ ಸಭೆಯ ಟಿಪ್ಪಣಿಯಲ್ಲಿ ಎಲ್ಲ ಸಾಲಿನ ಎದುರೂ ತೃಪ್ತಿಕರ ಎಂದು ಬರೆದಿದ್ದರೆ, ಕಳೆದ ವರ್ಷ ಸುರಕ್ಷತೆಗಾಗಿ ಯಾರು ಏನು ಕೇಳಿದರು, ಅದರಲ್ಲಿ ಯಾವುದನ್ನು ನಿರಾಕರಿಸಿದಿರಿ ಎಂದು ಕೇಳುತ್ತೇನೆ. ಹಣ ಎಲ್ಲಿಗೆ ಹೋಯಿತು, ಎಲ್ಲಿಗೆ ಹೋಗಲಿಲ್ಲ ಎಂಬುದು ನೀತಿ ಹೇಳಿಕೆಗಿಂತ ಹೆಚ್ಚನ್ನು ಹೇಳುತ್ತದೆ.

ಕೊನೆಯದಾಗಿ ಒಂದು ಅನುಕೂಲ. 2012ರಿಂದೀಚೆಗೆ ಐಎಸ್‌ಒದ ನಿರ್ವಹಣಾ ಮಾನದಂಡಗಳನ್ನು ಒಂದೇ ಚೌಕಟ್ಟಿನಲ್ಲಿ ಬರೆಯುವ ಕ್ರಮ ಬಂದಿದೆ. ಹಾಗಾಗಿ ಆಂತರಿಕ ಆಡಿಟ್, ದಾಖಲೆಗಳ ನಿಯಂತ್ರಣ, ಆಡಳಿತ ಪರಿಶೀಲನೆ ಮುಂತಾದವು ನಿಮ್ಮ 9001 ವ್ಯವಸ್ಥೆಯಲ್ಲಿ ಈಗಾಗಲೇ ಇವೆ. ಅವನ್ನೇ ವಿಸ್ತರಿಸಿದರೆ ಸಾಕು. ಹೊಸದಾಗಿ ಬೆವರು ಸುರಿಸಬೇಕಾದದ್ದು ಅಪಾಯಗಳ ಗುರುತಿಸುವಿಕೆ, ಕಾರ್ಮಿಕರ ಪಾಲ್ಗೊಳ್ಳುವಿಕೆ, ಗುತ್ತಿಗೆದಾರರ ನಿಯಂತ್ರಣ ಮತ್ತು ತುರ್ತು ಸ್ಥಿತಿಯ ಸಿದ್ಧತೆಯಲ್ಲಿ.

ಪ್ರತಿಕ್ರಿಯೆ | ಬರೆದವರು: ಪ್ರೆಸ್‌ಶಾಪ್‌ನವರು

ಮೂವರಿಗೂ ಧನ್ಯವಾದಗಳು. ಕೀಲಿಯ ಪ್ರಸಂಗ ಓದಿದ ಮೇಲೆ ನಮ್ಮ ಪ್ರೆಸ್‌ಗಳ ಇಂಟರ್‌ಲಾಕ್‌ಗಳನ್ನು ಈ ವಾರವೇ ಪರೀಕ್ಷಿಸಲು ಹೇಳಿದ್ದೇನೆ, ಆಡಿಟ್‌ಗೆ ಕಾಯುವ ಅಗತ್ಯ ಕಾಣಲಿಲ್ಲ. ಇನ್ನೆರಡು ಸಣ್ಣ ಪ್ರಶ್ನೆಗಳು. ಸಲಹೆಗಾರರ ಸಿದ್ಧ ಕೈಪಿಡಿಯನ್ನು ಪೂರ್ತಿಯಾಗಿ ಬೇಡವೆನ್ನಬೇಕೇ? ಅಪಾಯಗಳ ಗುರುತಿಸುವಿಕೆಯನ್ನು ಇಡೀ ಕಾರ್ಖಾನೆಗೆ ಒಮ್ಮೆಗೇ ಮಾಡಬೇಕೇ, ಅಥವಾ ಒಂದು ವಿಭಾಗದಿಂದ ಆರಂಭಿಸಬಹುದೇ?

ಉತ್ತರ | ಬರೆದವರು: ಸುರಕ್ಷತಾ ವಿಭಾಗ

ದಾಖಲೆ ನಿಯಂತ್ರಣ, ಆಂತರಿಕ ಆಡಿಟ್‌ನ ವಿಧಾನ ಇಂಥವುಗಳ ನಮೂನೆಯನ್ನು ಸಲಹೆಗಾರರಿಂದ ಪಡೆಯಬಹುದು, ಅದರಿಂದ ನಷ್ಟವಿಲ್ಲ. ರಿಸ್ಕ್ ಅಸೆಸ್‌ಮೆಂಟ್ ಪಟ್ಟಿಯನ್ನು ಮಾತ್ರ ಅವರಿಂದ ಸಿದ್ಧರೂಪದಲ್ಲಿ ಪಡೆಯಬೇಡಿ. ಅಂಥ ಪಟ್ಟಿಗಳಲ್ಲಿ ಪ್ರತಿ ಯಂತ್ರದ ಎದುರಿಗೂ ಬೆರಳು ಸಿಕ್ಕಿಕೊಳ್ಳಬಹುದು, ಕೈಗವಸು ಧರಿಸಬೇಕು ಎಂಬ ಒಂದೇ ಸಾಲು ಇರುತ್ತದೆ. ತಿರುಗುವ ಭಾಗಗಳಿರುವ ಡ್ರಿಲ್ಲಿಂಗ್ ಯಂತ್ರದ ಎದುರು ಆ ಸಾಲು ಬಂದರೆ ಅದೇ ಒಂದು ಅಪಾಯ, ಏಕೆಂದರೆ ತಿರುಗುವ ಭಾಗ ಕೈಗವಸನ್ನು ಹಿಡಿದೆಳೆದರೆ ಕೈಯೂ ಅದರ ಜೊತೆಗೇ ಹೋಗುತ್ತದೆ.

ಒಂದು ಲೈನಿನಿಂದ ಆರಂಭಿಸುವುದೇ ಒಳ್ಳೆಯದು. ಆ ಲೈನಿನ ಇಬ್ಬರು ಆಪರೇಟರ್‌ಗಳು, ಒಬ್ಬ ನಿರ್ವಹಣಾ ಸಿಬ್ಬಂದಿ, ಸಾಧ್ಯವಾದರೆ ಗುತ್ತಿಗೆಯವರಲ್ಲೊಬ್ಬರು ಜೊತೆಗಿರಲಿ. ಮೇಜಿನ ಸುತ್ತ ಕೂರದೆ ಯಂತ್ರದ ಬಳಿ ನಿಂತೇ ಕೆಲಸವನ್ನು ಹಂತಹಂತವಾಗಿ ಬರೆದುಕೊಳ್ಳಿ. ಸರಾಗವಾಗಿ ನಡೆಯುವ ಉತ್ಪಾದನೆಯನ್ನಷ್ಟೇ ಬರೆದು ನಿಲ್ಲಿಸಬೇಡಿ. ಡೈ ಬದಲಿಸುವುದು, ಸಿಕ್ಕಿಕೊಂಡ ತಗಡನ್ನು ಬಿಡಿಸುವುದು, ಸ್ವಚ್ಛಗೊಳಿಸುವುದು, ವಿದ್ಯುತ್ ಹೋಗಿ ಬಂದಾಗ ಮತ್ತೆ ಚಾಲೂ ಮಾಡುವುದು, ಇವನ್ನೂ ಸೇರಿಸಿ, ಏಕೆಂದರೆ ಕೈ ಒಳಗೆ ಹೋಗುವುದು ಈ ಹೊತ್ತಿನಲ್ಲೇ. ಡೈ ಬದಲಿಸುವಾಗ ರ‍್ಯಾಮ್ (ಪ್ರೆಸ್‌ನ ಮೇಲೆ ಕೆಳಗೆ ಚಲಿಸುವ ಭಾಗ) ತಾನಾಗಿ ಕೆಳಗಿಳಿಯದಂತೆ ಅಡ್ಡವಿಡುವ ಸೇಫ್ಟಿ ಬ್ಲಾಕ್ ಪ್ರತಿ ಪ್ರೆಸ್‌ನ ಪಕ್ಕದಲ್ಲೇ ಇದೆಯೇ, ಇಲ್ಲವೇ ಉಗ್ರಾಣಕ್ಕೆ ಹೋಗಿ ತರಬೇಕೇ ಎಂಬುದನ್ನೂ ಅಲ್ಲೇ ನೋಡಿ.

ಎರಡನೇ ಹಂತದ ಆಡಿಟ್‌ಗೆ ಮುನ್ನ ಎಲ್ಲ ವಿಭಾಗಗಳ ಪಟ್ಟಿಯೂ ಮುಗಿದಿರಬೇಕು, ಒಂದು ಸುತ್ತು ಆಂತರಿಕ ಆಡಿಟ್ ಮತ್ತು ಆಡಳಿತ ಪರಿಶೀಲನೆ ನಡೆದಿರಬೇಕು. ಗ್ರಾಹಕರು ಕೊಟ್ಟ ಗಡುವಿನಿಂದ ಹಿಂದಕ್ಕೆ ಎಣಿಸಿ ದಿನಾಂಕಗಳನ್ನು ಗುರುತು ಮಾಡಿಕೊಳ್ಳಿ. ನಿರ್ವಹಣಾ ಗುತ್ತಿಗೆಯ ಈಗಿನ ಒಪ್ಪಂದ ಯಾವಾಗ ಮುಗಿಯುತ್ತದೆ ಎಂದೂ ನೋಡಿಡಿ. ಲಾಕ್‌ಔಟ್ (ದುರಸ್ತಿಯ ವೇಳೆ ಯಂತ್ರ ಚಾಲೂ ಆಗದಂತೆ ಬೀಗ ಹಾಕುವುದು), ಪರ್ಮಿಟ್, ಅವರ ಕೆಲಸಗಾರರ ತರಬೇತಿಯ ಷರತ್ತುಗಳನ್ನು ಸೇರಿಸಲು ಒಪ್ಪಂದ ಹೊಸದಾಗುವ ಸಮಯವೇ ಸುಲಭ. ನಡುವೆ ಸೇರಿಸಹೊರಟರೆ ದರದ ಚರ್ಚೆಯಲ್ಲೇ ತಿಂಗಳುಗಳು ಕಳೆಯುತ್ತವೆ.